ವಿನ್ಯಾಸಕ್ಕೆ ಸ್ಫೂರ್ತಿ: ಪಡೆಯುವುದೆಲ್ಲಿ, ಕಾಪಾಡಿಕೊಳ್ಳುವುದು ಹೇಗೆ?

ಹೊಸ ಸರಕಿಗೆ ಪೊಟ್ಟಣ, ಲೇಬಲ್ ಅಥವಾ ಆಕಾರ ಬೇಕಾದಾಗ ನಮ್ಮ ಅನೇಕ ಸಣ್ಣ ಉದ್ದಿಮೆದಾರರು ಮಾಡುವ ಮೊದಲ ಕೆಲಸವೆಂದರೆ, ಚೆನ್ನಾಗಿ ಮಾರಾಟವಾಗುತ್ತಿರುವ ಪ್ರತಿಸ್ಪರ್ಧಿಯ ಪೊಟ್ಟಣವನ್ನು ಮುದ್ರಣಾಲಯದವರ ಮುಂದಿಟ್ಟು, "ಇದೇ ರೀತಿ ಇರಲಿ, ಬಣ್ಣ ಮಾತ್ರ ಬೇರೆ" ಎನ್ನುವುದು. ಲೆಕ್ಕಪರಿಶೋಧಕನಾದ ನನಗೆ ಕಲೆಯ ವಿಷಯದಲ್ಲಿ ಅಧಿಕಾರವೇನೂ ಇಲ್ಲ. ಆದರೆ ಈ ಅಭ್ಯಾಸದ ಪರಿಣಾಮವು ಕೊನೆಗೆ ಲಾಭ-ನಷ್ಟದ ತಖ್ತೆಯಲ್ಲಿಯೇ ಕಾಣಿಸಿಕೊಳ್ಳುವುದರಿಂದ ನಾಲ್ಕು ಮಾತು ಬರೆಯುತ್ತಿದ್ದೇನೆ.

ಸ್ಫೂರ್ತಿಗಾಗಿ ದೂರ ಹೋಗಬೇಕಾಗಿಲ್ಲ. ಧಾರವಾಡ ಸೀಮೆಯ ಕಸೂತಿಯನ್ನೇ ನೋಡಿರಿ. ಗೋಪುರ, ತೇರು, ಪಲ್ಲಕ್ಕಿ, ತುಳಸಿ ವೃಂದಾವನ, ತೊಟ್ಟಿಲು, ಆನೆ, ನವಿಲು ಇವೆಲ್ಲವೂ ಹೆಣ್ಣುಮಕ್ಕಳು ಮನೆಯಲ್ಲಿ, ಗುಡಿಯಲ್ಲಿ, ಜಾತ್ರೆಯಲ್ಲಿ ಕಂಡವು. ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕೇ ಬಗೆಯ ಹೊಲಿಗೆಗಳಿಂದ ಅವರು ಅಷ್ಟನ್ನೂ ಬಟ್ಟೆಯ ಮೇಲೆ ತಂದರು. ಗೆರೆ ಎಳೆದುಕೊಳ್ಳದೆ, ಬಟ್ಟೆಯ ಎಳೆಗಳನ್ನು ಎಣಿಸಿಯೇ ಹಾಕುವ ಕೆಲಸವಿದು. ಗವಂತಿಯಲ್ಲಿ ಮುಂಬದಿ ಹಿಂಬದಿಗಳು ಒಂದೇ ತೆರನಾಗಿ ಕಾಣುತ್ತವೆ. ಎರಡೂ ಬದಿ ಹೀಗೆ ತಾಳೆಯಾಗುವುದನ್ನು ನನ್ನ ಕೆಲವು ಕಕ್ಷಿದಾರರ ಖಾತೆ ಪುಸ್ತಕಗಳಲ್ಲಿ ಸಹ ನಾನು ಕಂಡಿಲ್ಲ!

ಕೈಗಾರಿಕೆಯ ಉದಾಹರಣೆ ಬೇಕೆಂದರೆ ಮೈಸೂರು ಸ್ಯಾಂಡಲ್ ಸಾಬೂನು ಇದೆ. ಅದನ್ನು ರೂಪಿಸಿದ ಸೋಸಲೆ ಗರಳಪುರಿ ಶಾಸ್ತ್ರಿಗಳು ಸಾಮಾನ್ಯ ಸಾಬೂನಿನ ಆಯತಾಕಾರವನ್ನು ಬಿಟ್ಟು ಅಂಡಾಕಾರವನ್ನು ಆರಿಸಿದರು. ಪೆಟ್ಟಿಗೆಗೆ ಆಭರಣದ ಕರಡಿಗೆಯ ಮಾದರಿಯನ್ನು ತಂದರು. ಲಾಂಛನವಾಗಿ ಬಂದದ್ದು ಆನೆಯ ತಲೆ, ಸಿಂಹದ ಮೈ ಉಳ್ಳ ಪುರಾಣದ ಶರಭ. ಕರಡಿಗೆ ಮನೆಯ ವಸ್ತು, ಶರಭ ನಮ್ಮ ಪರಂಪರೆಯದು. ಅವೆರಡನ್ನೂ ಸಾಬೂನಿಗೆ ಹೊಂದಿಸಿದ್ದು ಮಾತ್ರ ಹೊಸತು.

ನಿತ್ಯ ಕಣ್ಣಿಗೆ ಬೀಳುವುದನ್ನು ಮೊಬೈಲ್ ಫೋನಿನಲ್ಲಿ ಸೆರೆಹಿಡಿದು ಒಂದೆಡೆ ಸಂಗ್ರಹಿಸುವ ರೂಢಿ ಒಳ್ಳೆಯದು. ಹಳೆಯ ಬಾಗಿಲಿನ ಕೆತ್ತನೆ, ರಂಗೋಲಿ, ಸಂತೆಯಲ್ಲಿ ಸರಕು ಜೋಡಿಸಿದ ಬಗೆ, ಯಾವುದಾದರೂ ಆಗಬಹುದು. ಇದಕ್ಕೆ ಖರ್ಚಿಲ್ಲ.

ಖರ್ಚು ಬರುವುದು ಇತರರು ತೆಗೆದ ಛಾಯಾಚಿತ್ರವನ್ನು ಬಳಸಿದಾಗ. ನನ್ನ ಕಕ್ಷಿದಾರರಾದ ಊದುಬತ್ತಿ ತಯಾರಕರೊಬ್ಬರು ಅಂತರಜಾಲದಲ್ಲಿ ಸಿಕ್ಕಿದ ಬೇಲೂರಿನ ಶಿಲ್ಪವೊಂದರ ಚಿತ್ರವನ್ನು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿಸಿದರು. ಕೆಲವೇ ತಿಂಗಳುಗಳಲ್ಲಿ ಛಾಯಾಗ್ರಾಹಕರ ವಕೀಲರಿಂದ ನೋಟೀಸು ಬಂದಿತು. "ದೇವಸ್ಥಾನ ಎಲ್ಲರದಲ್ಲವೇ ಸ್ವಾಮಿ?" ಎಂದು ಅವರು ನನ್ನನ್ನು ಕೇಳಿದರು. 1117ರಲ್ಲಿ ಪ್ರತಿಷ್ಠೆಯಾದ ದೇಗುಲದ ಶಿಲ್ಪಕ್ಕೆ ಈಗ ಯಾರ ಕೃತಿಸ್ವಾಮ್ಯವೂ ಇಲ್ಲ, ನಿಜ. ಆದರೆ ಅದರ ಛಾಯಾಚಿತ್ರಕ್ಕೆ ಇದೆ. 2012ರ ತಿದ್ದುಪಡಿಯ ತರುವಾಯ ಅದು ಛಾಯಾಗ್ರಾಹಕರ ಜೀವಿತಾವಧಿ ಮತ್ತು ನಂತರದ 60 ವರ್ಷಗಳವರೆಗೆ ಉಳಿಯುತ್ತದೆ. ಅಚ್ಚಾದ ಪೆಟ್ಟಿಗೆಗಳೆಲ್ಲ ರದ್ದಿಗೆ ಹೋದವು, ಪರಿಹಾರವನ್ನೂ ತೆರಬೇಕಾಯಿತು. ಅದೇ ಶಿಲ್ಪವನ್ನು ನೋಡಿ ತಮ್ಮದೇ ಚಿತ್ರವನ್ನು ಬರೆಯಿಸಿದ್ದರೆ ಈ ತೊಂದರೆ ಇರಲಿಲ್ಲ.

ಇನ್ನು ಹಣ ಕೊಟ್ಟು ಮಾಡಿಸಿದ ಕೆಲಸದ ವಿಚಾರ. ಇಲ್ಲಿ ಬಹಳ ಜನ ಎಡವುತ್ತಾರೆ. ಸಂಭಾವನೆ ಕೊಟ್ಟು ತೆಗೆಯಿಸಿದ ಛಾಯಾಚಿತ್ರಕ್ಕೆ, ಬೇರೆ ಕರಾರು ಇಲ್ಲದಿದ್ದರೆ, ತೆಗೆಯಿಸಿದವರೇ ಮೊದಲ ಒಡೆಯರು. ಸಂಬಳದ ನೌಕರನು ಕರ್ತವ್ಯದ ಭಾಗವಾಗಿ ರಚಿಸಿದ್ದು ಸಹ ಮಾಲೀಕರದೇ. ಆದರೆ ಹೊರಗಿನ ಕಲಾವಿದರಿಂದ ಮಾಡಿಸಿದ ಲೇಬಲ್ ಅಥವಾ ಲಾಂಛನದ ಹಕ್ಕು, ಬಿಲ್ಲು ಪಾವತಿಯಾದ ಮಾತ್ರಕ್ಕೆ ನಿಮ್ಮದಾಗದು. ಅವರು ಸಹಿ ಮಾಡಿದ ಲಿಖಿತ ಹಸ್ತಾಂತರ ಪತ್ರ ಬೇಕು. ಅದರಲ್ಲಿ ಅವಧಿಯನ್ನು ಕಾಣಿಸದಿದ್ದರೆ 5 ವರ್ಷವೆಂದೂ, ಪ್ರದೇಶವನ್ನು ಕಾಣಿಸದಿದ್ದರೆ ಭಾರತ ಮಾತ್ರವೆಂದೂ ಕಾನೂನು ಭಾವಿಸುತ್ತದೆ. ರಫ್ತು ಮಾಡುವವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಸರಕಿನ ಆಕಾರ, ಮೇಲ್ಮೈಯ ಚಿತ್ತಾರಗಳದು ಬೇರೆ ದಾರಿ. ಅವು ವಿನ್ಯಾಸ ಅಧಿನಿಯಮ, 2000ರ ವ್ಯಾಪ್ತಿಗೆ ಬರುತ್ತವೆ. ನೋಂದಾಯಿಸಿದರೆ 10 ವರ್ಷ, ನವೀಕರಿಸಿದರೆ ಮತ್ತೆ 5 ವರ್ಷ ರಕ್ಷಣೆ ಉಂಟು. ನೋಂದಣಿಗೆ ಅರ್ಹವಾದ ವಿನ್ಯಾಸವನ್ನು ನೋಂದಾಯಿಸದೆ, ಯಂತ್ರದಿಂದ 50ಕ್ಕಿಂತ ಹೆಚ್ಚು ಪ್ರತಿಗಳನ್ನು ಮಾಡಿದಿರಾದರೆ ಅದರ ಕೃತಿಸ್ವಾಮ್ಯವೂ ಕಳೆದುಹೋಗುತ್ತದೆ. ಸಣ್ಣ ಕಾರ್ಖಾನೆಗೂ 50 ಎಂಬುದು ಬೆಳಗಿನ ಪಾಳಿಯ ಉತ್ಪಾದನೆ. ಮತ್ತೊಂದು ಸಂಗತಿ: ಅರ್ಜಿ ಸಲ್ಲಿಸುವ ಮೊದಲೇ ವಿನ್ಯಾಸವು ಬಹಿರಂಗವಾಗಿದ್ದರೆ ಅದನ್ನು ಹೊಸತೆಂದು ಒಪ್ಪುವುದಿಲ್ಲ. ವಸ್ತುಪ್ರದರ್ಶನದ ಮಳಿಗೆಯಲ್ಲಿ ಮಾದರಿ ಇಟ್ಟು, ಬೇಡಿಕೆ ನೋಡಿಕೊಂಡು ಆಮೇಲೆ ಅರ್ಜಿ ಹಾಕೋಣವೆಂಬ ನಮ್ಮ ಲೆಕ್ಕಾಚಾರ ಇಲ್ಲಿ ತಲೆಕೆಳಗು. ಪ್ರದರ್ಶನಕ್ಕೆ ವಿನಾಯಿತಿ ಇದೆಯಾದರೂ ಅದಕ್ಕೆ ನಿಯಂತ್ರಕರಿಗೆ ಮುಂಚಿತವಾಗಿ ತಿಳಿವಳಿಕೆ ಕೊಟ್ಟು, 6 ತಿಂಗಳೊಳಗೆ ಅರ್ಜಿ ಸಲ್ಲಿಸಬೇಕು.

ಕಸೂತಿ, ಬಿದರಿ, ಚನ್ನಪಟ್ಟಣದ ಗೊಂಬೆ, ಇಳಕಲ್ ಸೀರೆಗಳಿಗೆ ಭೌಗೋಳಿಕ ಗುರುತು ದೊರೆತಿದೆ. ತೇರಿನ ಚಿತ್ತಾರದಿಂದ ಸ್ಫೂರ್ತಿ ಪಡೆಯಲು ಅಡ್ಡಿಯಿಲ್ಲ. ಬೇರೆ ಊರಿನ ಯಂತ್ರದ ಸೀರೆಯನ್ನು "ಇಳಕಲ್" ಎಂದು ಮಾರುವಂತಿಲ್ಲ.

ಪ್ರತಿ ವಿನ್ಯಾಸಕ್ಕೂ ಒಂದು ಕಡತವಿರಲಿ. ಮೊದಲ ಕರಡು ರೇಖಾಚಿತ್ರ, ನೀವೇ ತೆಗೆದ ದಿನಾಂಕ ಸಹಿತ ಛಾಯಾಚಿತ್ರಗಳು, ಕಲಾವಿದರ ಬಿಲ್ಲು, ಹಸ್ತಾಂತರ ಪತ್ರ, ಅರ್ಜಿಯ ಸ್ವೀಕೃತಿ ಅದರಲ್ಲಿ ಸೇರಲಿ. ವರ್ಷಾಂತ್ಯದ ಲೆಕ್ಕ ತಪಾಸಣೆಗೆ ಬರುವಾಗ ನಿಮ್ಮ ಲೆಕ್ಕಪರಿಶೋಧಕರಿಗೂ ಅದನ್ನು ತೋರಿಸಿರಿ.