ಸ್ಪೋರ್ಟ್ಸ್ ಕಾರಿನ ಎಂಜಿನು ಬದಲಾವಣೆ: ಯೋಜನೆ ಹಾಗೂ ವೆಚ್ಚದ ಅಂದಾಜು

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ ಮತ್ತು ಮುಂಡರಗಿಯ ಕಡೆಯಿಂದ ನಮ್ಮಲ್ಲಿಗೆ ಓದಲು ಬರುವ ವಿದ್ಯಾರ್ಥಿಗಳಲ್ಲಿ ಹಳೆಯ ವಾಹನಗಳ ವಿಷಯದಲ್ಲಿ ಆಸ್ಥೆಯುಳ್ಳವರು ಕೆಲವರಿದ್ದಾರೆ. ಅವರಲ್ಲಿ ಶಿರಹಟ್ಟಿಯವನೊಬ್ಬನು ಕಳೆದ ವರ್ಷ ಒಂದು ಪ್ರಶ್ನೆಯನ್ನು ಮುಂದಿಟ್ಟನು. ಮನೆಯಲ್ಲಿ ಎರಡೇ ಆಸನಗಳ ಹಳೆಯ ಸ್ಪೋರ್ಟ್ಸ್ ಕಾರೊಂದಿದೆ. ಅದರ ಎಂಜಿನು ಸವೆದಿದೆ. ಅದನ್ನು ತೆಗೆದು ಹೆಚ್ಚಿನ ಶಕ್ತಿಯ ಬೇರೊಂದನ್ನು ಕೂಡಿಸಲು ಎಷ್ಟು ಹಣ ಬೇಕು? ಇದು ಇತಿಹಾಸದ ಅಧ್ಯಾಪಕನಿಗೆ ಸಂಬಂಧಿಸಿದ ಪ್ರಶ್ನೆಯಲ್ಲವೆಂದು ತೋರಬಹುದು. ಆದರೆ ಇಂಥ ಪ್ರಯತ್ನಗಳು ಹಿಂದೆ ನಡೆದಿವೆ. ಅವುಗಳ ಪರಿಣಾಮಗಳೂ ನಮಗೆ ತಿಳಿದಿವೆ. ಅವುಗಳನ್ನು ಆಧರಿಸಿ, ಎಂಜಿನು ಬದಲಾವಣೆಯ ಯೋಜನೆಯನ್ನು ಯಾವ ಕ್ರಮದಲ್ಲಿ ಹಾಕಬೇಕೆಂಬುದನ್ನು ಇಲ್ಲಿ ವಿವೇಚಿಸಲಾಗಿದೆ.

ಮೊದಲನೆಯ ಉದಾಹರಣೆ ಇಂಗ್ಲೆಂಡಿನ ಎ.ಸಿ. ಸಂಸ್ಥೆಯದು. ಅದರ ಏಸ್ ಎಂಬ ಹಗುರವಾದ ಕಾರಿಗೆ ಬ್ರಿಸ್ಟಲ್ ಸಂಸ್ಥೆಯು 2 ಲೀಟರಿನ, ಆರು ಸಿಲಿಂಡರುಗಳ ಎಂಜಿನನ್ನು ಪೂರೈಸುತ್ತಿತ್ತು. ಆ ಪೂರೈಕೆ ನಿಲ್ಲಲಾಗಿ, ಅಮೆರಿಕದ ಕ್ಯಾರೊಲ್ ಶೆಲ್ಬಿಯು ಅದೇ ಕಾರಿಗೆ ಫೋರ್ಡ್ ಸಂಸ್ಥೆಯ ಎಂಟು ಸಿಲಿಂಡರುಗಳ, ಸುಮಾರು 4.2 ಲೀಟರಿನ ಎಂಜಿನನ್ನು ಜೋಡಿಸುವ ಸೂಚನೆಯನ್ನಿತ್ತನು. ಹೀಗೆ 1962ರಲ್ಲಿ ಕೋಬ್ರಾ ಎಂಬ ಪ್ರಖ್ಯಾತ ಕಾರು ಹುಟ್ಟಿತು. ಆದರೆ ಕೆಲಸವು ಎಂಜಿನಿಗೇ ಮುಗಿಯಲಿಲ್ಲ. ಹೆಚ್ಚಿದ ತಿರುಚುಬಲವನ್ನು ತಾಳಲು ಹಿಂದಿನ ಡಿಫರೆನ್ಶಿಯಲ್ಲನ್ನು ಬಲಪಡಿಸಬೇಕಾಯಿತು. 1963ರಲ್ಲಿ ಸ್ಟಿಯರಿಂಗಿನ ಏರ್ಪಾಡು ಬದಲಾಯಿತು. 1965ರಲ್ಲಿ 7 ಲೀಟರಿನ ಎಂಜಿನು ಬಂದಾಗ ಹಳೆಯ ಪಟ್ಟೆಸ್ಪ್ರಿಂಗುಗಳನ್ನು ಬಿಟ್ಟು, ಸುರುಳಿಸ್ಪ್ರಿಂಗುಗಳುಳ್ಳ ಹೊಸ ಚಾಸಿಸ್ಸನ್ನೇ ನಿರ್ಮಿಸಬೇಕಾಯಿತು.

ಎರಡನೆಯದು ಸನ್‌ಬೀಮ್ ಟೈಗರ್. 1964ರಲ್ಲಿ ರೂಟ್ಸ್ ಸಂಸ್ಥೆಯು ತನ್ನ ನಾಲ್ಕು ಸಿಲಿಂಡರುಗಳ ಆಲ್ಪೈನ್ ಕಾರಿಗೆ ಅದೇ ಫೋರ್ಡ್ ಎಂಜಿನನ್ನು ಕೂಡಿಸಿತು. ಸ್ಥಳ ಸಾಲದೆ ಎಂಜಿನಿನ ಹಿಂದಣ ತಗಡಿನ ಗೋಡೆಯನ್ನು ಸುತ್ತಿಗೆಯಿಂದ ಬಡಿದು ಒಳಕ್ಕೆ ತಗ್ಗಿಸಬೇಕಾಯಿತು. ಹಿಂಬದಿಯ ಒಂದು ಪ್ಲಗ್ಗನ್ನು ಕಳಚಲು ಅದೇ ಗೋಡೆಯಲ್ಲಿ ತೂತನ್ನಿಟ್ಟು, ಕಾರಿನ ಒಳಗಿನಿಂದ ಕೈಹಾಕುವಂತೆ ಮಾಡಬೇಕಾಯಿತು. ಮುಂದೆ ರೂಟ್ಸ್ ಸಂಸ್ಥೆಯು ಕ್ರೈಸ್ಲರ್ ಸಂಸ್ಥೆಯ ವಶವಾಯಿತು. ಪ್ರತಿಸ್ಪರ್ಧಿಯ ಎಂಜಿನನ್ನು ಬಳಸಲು ಕ್ರೈಸ್ಲರಿಗೆ ಮನಸ್ಸಿರಲಿಲ್ಲ; ಅದರ ಸ್ವಂತ ಎಂಜಿನಿನ ಡಿಸ್ಟ್ರಿಬ್ಯೂಟರು ಹಿಂಬದಿಗಿದ್ದುದರಿಂದ ಅದು ಆ ಕಾರಿನಲ್ಲಿ ಹಿಡಿಯಲಿಲ್ಲ. 1967ರಲ್ಲಿ ಟೈಗರಿನ ತಯಾರಿಕೆ ನಿಂತಿತು. ದೊಡ್ಡ ಕಾರ್ಖಾನೆಗಳ ಪಾಡೇ ಹೀಗಾದರೆ, ಒಬ್ಬ ಗೃಹಸ್ಥನು ಅಳತೆ ಹಿಡಿಯದೆ ಎಂಜಿನು ಕೊಳ್ಳುವದು ಎಷ್ಟು ಅಪಾಯಕರವೆಂಬುದು ವಿದಿತವಾಗುವದು.

ಕಣ್ಣಿಗೆ ಕಾಣದ ಅಳತೆಗಳೂ ಇವೆ. ಒಂದು ಲೆಕ್ಕವನ್ನು ನೋಡೋಣ. ಚಕ್ರದ ಸುತ್ತಳತೆ 1.8 ಮೀಟರು, ಹಿಂದಿನ ಅಚ್ಚಿನ ಗೇರು ಪ್ರಮಾಣ 4ಕ್ಕೆ 1 ಎಂದಿರಲಿ. ನೇರ ಗೇರಿನಲ್ಲಿ ಎಂಜಿನು ನಿಮಿಷಕ್ಕೆ 6000 ಸುತ್ತು ತಿರುಗಿದರೆ ಚಕ್ರವು 1500 ಸುತ್ತು ತಿರುಗುವದು. ವೇಗವು ತಾಸಿಗೆ 162 ಕಿಲೋಮೀಟರು. ಇದೇ ಕಾರಿಗೆ ನಿಮಿಷಕ್ಕೆ 3000 ಸುತ್ತಿಗೇ ನಿಲ್ಲುವ ಡೀಸೆಲ್ ಎಂಜಿನನ್ನು ಹಾಕಿದರೆ, ಅದರ ಬಲವೆಷ್ಟೇ ಇರಲಿ, ನೇರ ಗೇರಿನಲ್ಲಿ ವೇಗವು 81 ಕಿಲೋಮೀಟರನ್ನು ದಾಟದು. ಅಂದಮೇಲೆ ಗೇರನ್ನೋ ಅಚ್ಚನ್ನೋ ಬದಲಿಸಬೇಕು. ಅದಕ್ಕೂ ಹಣ ಬೇಕು.

ಈ ಪಾಠವನ್ನು ನಾನು ಮೊದಲು ಕಂಡದ್ದು ಮುಂಡರಗಿಯ ನನ್ನ ಸೋದರಮಾವನವರ ಮನೆಯಲ್ಲಿ. 1998ರ ಬೇಸಗೆಯಲ್ಲಿ ಅವರು ತಮ್ಮ ಪೆಟ್ರೋಲ್ ಜೀಪಿಗೆಂದು ಗುಜರಿ ಅಂಗಡಿಯಿಂದ ಡೀಸೆಲ್ ಎಂಜಿನೊಂದನ್ನು ತಂದರು. ಅಗ್ಗವಾಗಿ ಸಿಕ್ಕಿತೆಂಬ ಸಂತೋಷ ಮನೆಮಂದಿಗೆಲ್ಲ. ಇಳಿಸಿ ನೋಡಿದರೆ ಎಣ್ಣೆಯ ತೊಟ್ಟಿಯು ಮುಂದಿನ ಅಚ್ಚಿಗೆ ತಾಗುತ್ತಿತ್ತು. ಎಂಜಿನನ್ನು ಎತ್ತರಿಸಿದರು, ಮೇಲಿನ ಮುಚ್ಚಳ ಕೂಡಲಿಲ್ಲ. ಆಧಾರಗಳನ್ನು ಎರಡು ಸಲ ಕಡಿದು ಬೆಸೆದರು. ಬೇಸಗೆ ಮುಗಿಯುವ ಮುನ್ನ ಹಣ ಮುಗಿಯಿತು. ನಡೆಯುತ್ತಿದ್ದ ಗಾಡಿಯು ಕೊಟ್ಟಿಗೆಯಲ್ಲಿ ನಾಲ್ಕು ವರ್ಷ ನಿಂತು, ಕೊನೆಗೆ ತೂಕದ ಲೆಕ್ಕದಲ್ಲಿ ಮಾರಾಟವಾಯಿತು. "ಎಂಜಿನಿಗೆ ರೊಕ್ಕ ಇತ್ತಪಾ, ಗಾಡಿಗೆ ಇರಲಿಲ್ಲ" ಎಂದು ಮಾವನವರು ಆಮೇಲೆ ಹೇಳುತ್ತಿದ್ದರು.

ಆದುದರಿಂದ ವೆಚ್ಚದ ಅಂದಾಜನ್ನು ಎಂಜಿನಿನಿಂದಲ್ಲ, ಕೊನೆಯ ಖರ್ಚಿನಿಂದ ಆರಂಭಿಸಿ ಹಿಂದಕ್ಕೆ ಬರಬೇಕು. ಎಣಿಕೆಯ ಸಲುವಾಗಿ ಕೈಯಲ್ಲಿರುವದು 5 ಲಕ್ಷ ರೂಪಾಯಿ ಎಂದು ಭಾವಿಸೋಣ. ಕೆಳಗಿನವು ಪೇಟೆಯ ಬೆಲೆಗಳಲ್ಲ, ಹಂಚುವ ಕ್ರಮ ಮಾತ್ರ. ಐದರಲ್ಲೊಂದು ಪಾಲು, ಅಂದರೆ 1 ಲಕ್ಷವನ್ನು ಅನಿರೀಕ್ಷಿತ ಕೆಲಸಗಳಿಗೆ ಕಾಯ್ದಿಡಬೇಕು. ಕಾಗದಪತ್ರ, ವಿಮೆ, ಸಾಗಾಣಿಕೆಗೆ 20 ಸಾವಿರ. ಬ್ರೇಕು, ಸ್ಪ್ರಿಂಗು ಮತ್ತು ಸ್ಟಿಯರಿಂಗಿಗೆ 1 ಲಕ್ಷ 20 ಸಾವಿರ. ರೇಡಿಯೇಟರು, ಇಂಧನದ ಕೊಳವೆ, ಹೊಗೆಕೊಳವೆ, ವಿದ್ಯುತ್ತಿನ ತಂತಿಗಳಿಗೆ 80 ಸಾವಿರ. ಆಧಾರ, ಶಾಫ್ಟು ಮತ್ತು ಲೇಥಿನ ಕೆಲಸಕ್ಕೆ 60 ಸಾವಿರ. ಉಳಿಯುವ 1 ಲಕ್ಷ 20 ಸಾವಿರದಲ್ಲಿ ಎಂಜಿನು ಮತ್ತು ಗೇರ್‌ಬಾಕ್ಸು ಎರಡೂ ಬರಬೇಕು. ಮೊತ್ತದ ಕಾಲುಭಾಗವೂ ಎಂಜಿನಿಗೆ ಇಲ್ಲವೆಂಬುದನ್ನು ಗಮನಿಸಬೇಕು. ಚೈತ್ರ-ವೈಶಾಖದ ನಮ್ಮ ಬಿಸಿಲಿನಲ್ಲಿ ದೊಡ್ಡ ಎಂಜಿನಿಗೆ ಸಣ್ಣ ರೇಡಿಯೇಟರು ಸಾಲದು. ಎರೆಮಣ್ಣಿನ ಧೂಳಿಗೆ ಗಾಳಿಯ ಜರಡಿಯೂ ದೊಡ್ಡದಿರಬೇಕು.

ಕಾಯ್ದಿಟ್ಟ ಹಣದ ವಿಚಾರವು ನಮ್ಮ ಹಿರಿಯರಿಗೆ ಹೊಸದಲ್ಲ. ಕನ್ನಡನಾಡಿನ ದಾನಶಾಸನಗಳನ್ನು ಓದುವವರಿಗೆ ಖಂಡಸ್ಫುಟಿತ ಜೀರ್ಣೋದ್ಧಾರ ಎಂಬ ಮಾತು ಚಿರಪರಿಚಿತವಾದುದು. ಕಟ್ಟಿದ ದೇವಾಲಯವು ಮುಂದೊಂದು ದಿನ ಒಡೆದು ಬಿರಿಯುವದೆಂಬುದನ್ನು ಅರಿತು, ಅದರ ದುರಸ್ತಿಗೂ ಸಲ್ಲುವಂತೆ ದಾನಿಗಳು ಭೂಮಿಯನ್ನೋ ಸುಂಕದ ಪಾಲನ್ನೋ ಬಿಟ್ಟುಕೊಡುತ್ತಿದ್ದರು.

ಇನ್ನು ಕಾನೂನು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು, 2000ದ ತಿದ್ದುಪಡಿಯ ತರುವಾಯ, ತಯಾರಕರು ಮೂಲತಃ ನಿರ್ದೇಶಿಸಿದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಕೂಡದೆಂದು ವಿಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಯಮವನ್ನು ಎತ್ತಿಹಿಡಿಯಿತು. ನೋಂದಣಿ ಪತ್ರದಲ್ಲಿ ಎಂಜಿನಿನ ಸಂಖ್ಯೆಯೂ ದಾಖಲಾಗಿರುವದು; ಒಪ್ಪಿಗೆ ಪಡೆದು ಮಾಡಿದ ಬದಲಾವಣೆಯನ್ನೂ 14 ದಿನಗಳೊಳಗೆ ತಿಳಿಸಬೇಕು. ಆದುದರಿಂದ ಹಣ ತೆಗೆಯುವ ಮೊದಲು ಗದುಗಿನ ಪ್ರಾದೇಶಿಕ ಸಾರಿಗೆ ಕಚೇರಿಗೆ ಅರ್ಜಿಯನ್ನು ಕೊಡತಕ್ಕದ್ದು. ಅದೇ ಜಾತಿಯ ಎಂಜಿನಿಗೆ ಒಪ್ಪಿಗೆಯನ್ನು ನಿರೀಕ್ಷಿಸಬಹುದು. ಬೇರೆ ಜಾತಿಯದಕ್ಕೆ ನಿರಾಕರಣೆ ಬಂದರೆ ಆಶ್ಚರ್ಯವಿಲ್ಲ.

ಮೂಲ ಎಂಜಿನನ್ನು ಉಳಿಸಿಕೊಳ್ಳಲು ಇನ್ನೊಂದು ಕಾರಣವಿದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯು ಗೋವೆಯಲ್ಲಿ ತಯಾರಿಸಿದ ಸ್ಟಾರ್ಮ್ ಎಂಬ ಎರಡಾಸನದ ಕಾರಿಗೆ ಫ್ರಾನ್ಸಿನ ರೆನೋ ಸಂಸ್ಥೆಯ 1149 ಘನ ಸೆಂಟಿಮೀಟರಿನ ಎಂಜಿನಿತ್ತು. ಗಾಜುನಾರಿನ ಮೈಯೊಳಗೆ ಪರದೇಶದ ಎಂಜಿನನ್ನಿಟ್ಟು ಸ್ಪೋರ್ಟ್ಸ್ ಕಾರು ಕಟ್ಟಿದ ಆ ಸಾಹಸಕ್ಕೆ ಎಂಜಿನೇ ಒಂದು ಸಾಕ್ಷಿ. ಅದನ್ನು ಗುಜರಿಗೆ ಹಾಕಿದರೆ ಒಂದು ಆಕರವು ನಷ್ಟವಾದಂತೆ. ಬದಲಾಯಿಸಲೇಬೇಕಾದರೆ ಚಾಸಿಸ್ಸನ್ನು ಕಡಿಯದೆ, ಹಳೆಯದನ್ನು ಎಣ್ಣೆ ಸವರಿ ಕಾಯ್ದಿಟ್ಟು, ಕೆಲಸದ ಅಳತೆ-ಚಿತ್ರಗಳನ್ನು ಒಂದು ವಹಿಯಲ್ಲಿ ಬರೆದಿಡಬೇಕು.

ಶಿರಹಟ್ಟಿಯ ವಿದ್ಯಾರ್ಥಿಯು ಈ ಕ್ರಮದಲ್ಲಿ ಅಂದಾಜನ್ನು ಬರೆದು ತಂದನು. ಎಂಜಿನಿಗೆಂದು ಉಳಿದ ಹಣದಲ್ಲಿ ಅವನು ಬಯಸಿದ ಎಂಜಿನು ದೊರೆಯುವಂತಿರಲಿಲ್ಲ. ಇದ್ದ ಎಂಜಿನಿನ ಸಿಲಿಂಡರು ಕೊರೆಸಿ ಹೊಸ ಪಿಸ್ಟನ್ನು ಹಾಕಿಸಲು ಧಾರಾಳವಾಗಿ ಸಾಕಿತ್ತು. ಅವನು ಹಾಗೆಯೇ ಮಾಡಿದನು. ಆ ಕಾರು ಈಗ ಲಕ್ಷ್ಮೇಶ್ವರದ ದಾರಿಯಲ್ಲಿ ಓಡಾಡುತ್ತಿದೆ.