ಚೆಂಡು, ಕಾಲೇಜು ಮತ್ತು ಒಂದು ಕಡತ

ಅಕ್ಕನ ಮನೆಯಿಂದ ಕರೆ ಬಂತೆಂದರೆ ಒಂದೋ ಹಬ್ಬವಿರಬೇಕು, ಇಲ್ಲವೇ ಜಗಳವಿರಬೇಕು. ಈ ಸಲ ಹಬ್ಬವಿರಲಿಲ್ಲ. ಎರ್ನಾಕುಳದಲ್ಲಿ ಒಂಬತ್ತನೆಯ ತರಗತಿ ಓದುತ್ತಿರುವ ಅವಳ ಮಗಳು ಬ್ಯಾಸ್ಕೆಟ್‌ಬಾಲ್ ಹಿಡಿದು ಎರಡು ವರ್ಷವಾಯಿತು. ಜಿಲ್ಲಾ ತಂಡದಲ್ಲೂ ಆಡಿದ್ದಾಳೆ. ಬರುವ ವರ್ಷ ಎಸ್.ಎಸ್.ಎಲ್.ಸಿ., ಆದ್ದರಿಂದ ಚೆಂಡು ಅಟ್ಟ ಸೇರತಕ್ಕದ್ದೆಂದು ಭಾವನವರ ತೀರ್ಮಾನ. ಹುಡುಗಿ ಎರಡು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಸೋದರಮಾವನೆಂಬ ಹುದ್ದೆ ನನಗಿರುವುದರಿಂದಲೂ, ಸರ್ಕಾರಿ ಕಚೇರಿಯ ಗುಮಾಸ್ತನಿಗೆ ಸಕಲ ನಿಯಮಗಳೂ ತಿಳಿದಿರುತ್ತವೆಂಬ ತಪ್ಪು ಕಲ್ಪನೆ ನಮ್ಮ ಮನೆಯಲ್ಲಿರುವುದರಿಂದಲೂ, ಶನಿವಾರ ಬೆಳಗಿನ ವೇಣಾಡು ಎಕ್ಸ್‌ಪ್ರೆಸ್ಸಿನಲ್ಲಿ ತಿರುವನಂತಪುರದಿಂದ ಹೊರಟೆ.

ಆಟದ ವಿಷಯದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ. ಹಿಂದಿನ ವರ್ಷ ಹುಟ್ಟುಹಬ್ಬಕ್ಕೆಂದು ೭ನೆಯ ಅಳತೆಯ ಚೆಂಡು ಕೊಂಡೊಯ್ದು ನಗೆಗೀಡಾಗಿದ್ದೆ. ಹೆಂಗಸರ ಆಟಕ್ಕೆ ೬ನೆಯ ಅಳತೆ. ಸುತ್ತಳತೆಯಲ್ಲಿ ಸುಮಾರು ಒಂದಂಗುಲ ಕಡಿಮೆ. ಬುಟ್ಟಿಯ ಎತ್ತರ ಮಾತ್ರ ಗಂಡಸರಿಗೂ ಹೆಂಗಸರಿಗೂ ಹತ್ತೇ ಅಡಿ, ಅದರಲ್ಲಿ ರಿಯಾಯಿತಿಯಿಲ್ಲ!

ಗಾಡಿ ಚಂಗನಾಶ್ಶೇರಿಯಲ್ಲಿ ನಿಂತಾಗ ಅಲ್ಲಿನ ಅಸಂಪ್ಶನ್ ಕಾಲೇಜು ನೆನಪಾಯಿತು. ಆ ಕಾಲೇಜಿನಲ್ಲಿ ಓದಿದ, ಕೋಟ್ಟಯಂ ಜಿಲ್ಲೆಯ ಗೀತು ಅನ್ನಾ ಜೋಸ್ ದಕ್ಷಿಣ ರೈಲ್ವೆಯಲ್ಲಿ ಕೆಲಸ ಪಡೆದರು, ಆಸ್ಟ್ರೇಲಿಯಕ್ಕೆ ಹೋಗಿ ಅಲ್ಲಿನ ಕ್ಲಬ್ಬಿಗೆ ಆಡಿದರು, ೨೦೧೧ರಲ್ಲಿ ಅಮೆರಿಕದ ವೃತ್ತಿಪರ ತಂಡಗಳ ಆಯ್ಕೆ ಪರೀಕ್ಷೆಗೂ ಹೋಗಿಬಂದರು. ೨೦೧೪ರಲ್ಲಿ ಅರ್ಜುನ ಪ್ರಶಸ್ತಿ ಬಂತು. ವಯನಾಡಿನ ಪಿ. ಎಸ್. ಜೀನಾ ಕೇರಳದ ವಿದ್ಯುಚ್ಛಕ್ತಿ ಮಂಡಳಿಯ ಆಟಗಾರ್ತಿ. ೨೦೧೮ರ ಏಷ್ಯನ್ ಕ್ರೀಡಾಕೂಟದಲ್ಲಿ ಭಾರತದ ನಾಯಕಿ. ಅದೇ ವರ್ಷದ ಜನವರಿಯಲ್ಲಿ ಚೆನ್ನೈಯಲ್ಲಿ ಕೇರಳದ ಹೆಣ್ಣುಮಕ್ಕಳು ರೈಲ್ವೆ ತಂಡವನ್ನು ಸೋಲಿಸಿ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದರು. ಇಷ್ಟನ್ನೂ ಭಾವನವರ ಮುಂದಿಡಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡೆ.

ಕಾಫಿಯಾದ ಮೇಲೆ ಇಟ್ಟೆ. ಭಾವನವರು ಬ್ಯಾಂಕಿನವರು, ಲೆಕ್ಕ ಕೇಳಿದರು.

"ಏನಯ್ಯ, ಲಕ್ಷ ಮಕ್ಕಳಲ್ಲಿ ಒಬ್ಬಳ ಹೆಸರು ಹೇಳುತ್ತೀಯೆ. ಉಳಿದವರ ಗತಿ?"

ಮಾತು ಸುಳ್ಳಲ್ಲ. ಹುಡುಗಿ ಒಳಗಿನಿಂದಲೇ "ಅಮೆರಿಕದಲ್ಲಿ ಕಾಲೇಜಿನವರೇ ಹುಡುಕಿಕೊಂಡು ಬರುತ್ತಾರೆ, ಮಾಮಾ" ಎಂದಳು. ಅದೂ ನಿಜ. ಅಲ್ಲಿ ೧೯೭೨ರ ಕಾನೂನೊಂದು, ಸರ್ಕಾರದ ಹಣ ಪಡೆಯುವ ವಿದ್ಯಾಸಂಸ್ಥೆಗಳಲ್ಲಿ ಹೆಣ್ಣುಗಂಡೆಂಬ ಭೇದ ಕೂಡದೆಂದು ವಿಧಿಸಿದ ಮೇಲೆ, ಹೈಸ್ಕೂಲು ಹುಡುಗಿಯರಿಗೆ ವಿದ್ಯಾರ್ಥಿವೇತನ ಕೊಟ್ಟು ತಂಡಕ್ಕೆ ಕರೆದುಕೊಳ್ಳುವ ಪದ್ಧತಿ ಬಲವಾಗಿ ಬೆಳೆಯಿತು. ನಮ್ಮ ಬೆಂಗಳೂರಿನ ಸಂಜನಾ ರಮೇಶ್ ಹಾಗೆಯೇ ನಾರ್ದರ್ನ್ ಅರಿಜೋನಾ ವಿಶ್ವವಿದ್ಯಾಲಯಕ್ಕೆ ಆಡಿದವರು. ಆದರೆ ಇಲ್ಲಿ ನಾವೇ ಹೋಗಿ ಬಾಗಿಲು ತಟ್ಟಬೇಕು, ಕೈಯಲ್ಲಿ ಕಾಗದವಿರಬೇಕು.

ಆ ಕಾಗದದ ಸಂಗತಿಯನ್ನು ವಾಚಕರಿಗೆ ಬಿಡಿಸಿಯೇ ಹೇಳುತ್ತೇನೆ, ನಮ್ಮವರ ಎಷ್ಟೋ ಮನೆಗಳಲ್ಲಿ ಆಡುವ ಹುಡುಗಿಯರಿದ್ದಾರೆ. ಕೇರಳದಲ್ಲಿ ಹತ್ತನೆಯದಾದ ಮೇಲೆ ಪ್ಲಸ್ ಒನ್‌ಗೆ ಕ್ರೀಡಾ ಕೋಟಾ ಇದೆ. ಮೊದಲು ಜಿಲ್ಲಾ ಸ್ಪೋರ್ಟ್ಸ್ ಕೌನ್ಸಿಲಿನಲ್ಲಿ ಪ್ರಮಾಣಪತ್ರಗಳ ತನಿಖೆ. ಜಿಲ್ಲೆ, ರಾಜ್ಯ, ರಾಷ್ಟ್ರ, ಯಾವ ಮಟ್ಟದಲ್ಲಿ ಆಡಿದ್ದೆಂಬುದರ ಮೇಲೆ ಅಂಕ. ಆಮೇಲೆ ಶಾಲೆಗಳಿಗೆ ಅರ್ಜಿ. ಪದವಿ ಕಾಲೇಜುಗಳಲ್ಲೂ ಕ್ರೀಡಾ ಕೋಟಾ ಉಂಟು. ಕೌನ್ಸಿಲಿನ ಹಾಸ್ಟೆಲುಗಳಿಗೆ ಆಯ್ಕೆ ಬೇರೆ ನಡೆಯುತ್ತದೆ. ನಿಯಮಗಳು ಆಗಾಗ ಬದಲಾಗುವುದರಿಂದ ಆ ವರ್ಷದ ಪ್ರಾಸ್ಪೆಕ್ಟಸ್ಸನ್ನೇ ಓದಬೇಕು, ನೆರೆಮನೆಯವರ ಮಾತು ಸಾಲದು. ಹೀಗಿರಲಾಗಿ ಒಂಬತ್ತರಲ್ಲಿ ಆಟ ಬಿಡಿಸಿದರೆ, ಇನ್ನೂ ದೊಡ್ಡ ಪತ್ರ ಸಂಪಾದಿಸಬಹುದಾದ ವರ್ಷವನ್ನೇ ಕಳೆದಂತೆ.

ಭಾವನವರ ನಿಜವಾದ ಭಯ ಆಮೇಲೆ ಹೊರಬಿತ್ತು. ಎರಡು ವರ್ಷದಲ್ಲಿ ಅವರಿಗೆ ವರ್ಗವಾಗುವುದು ಖಂಡಿತ. "ನಾವು ಹುಬ್ಬಳ್ಳಿಗೆ ಹೋದರೆ ಇವಳೊಬ್ಬಳೇ ಇಲ್ಲಿ ಹಾಸ್ಟೆಲಿನಲ್ಲಿರಬೇಕೆ?" ಎಂದರು. ಅಕ್ಕ ಮಾತಾಡಲಿಲ್ಲ. ಇದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ. ಕೇರಳಕ್ಕೆ ಆಡಿದ ಪತ್ರಕ್ಕೆ ಕರ್ನಾಟಕದ ಕಾಲೇಜಿನಲ್ಲಿ ಎಷ್ಟು ಬೆಲೆ ಎಂಬುದನ್ನು ವರ್ಗದ ಆಜ್ಞೆ ಬರುವ ಮೊದಲೇ ವಿಚಾರಿಸೋಣ ಎಂದಷ್ಟೇ ಹೇಳಿದೆ.

"ಇರುವ ಪತ್ರಗಳನ್ನಾದರೂ ತೋರಿಸು" ಎಂದೆ. ಹುಡುಗಿ ಒಂದನ್ನು ಭೂಗೋಳದ ಪುಸ್ತಕದಿಂದಲೂ, ಇನ್ನೊಂದನ್ನು ಬೂಟಿನ ಪೆಟ್ಟಿಗೆಯಿಂದಲೂ ತಂದಳು. ಗುಮಾಸ್ತನ ಕಣ್ಣಿಗೆ ಬೀಳದೆ ಇದ್ದೀತೆ? ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹೆಸರಿನ ಮುಂಚೆ, ಊರಿನದೂ ಸೇರಿ ಎರಡು. ಜಿಲ್ಲೆಯ ಪತ್ರದಲ್ಲಿ ಹೆಸರಿನ ನಂತರ, ಒಂದೇ ಒಂದು. ತನಿಖೆಯ ದಿನ ಇಬ್ಬರು ಹುಡುಗಿಯರೆಂದೇ ತಿಳಿದಾರು. ಪರನಾಡಿನಲ್ಲಿ ನಮ್ಮ ಹೆಸರುಗಳಿಗೆ ಈ ಪಾಡು ಹೊಸದಲ್ಲ.

ಅಲ್ಲೇ ಕುಳಿತು ತಿದ್ದುಪಡಿಗೆ ಅರ್ಜಿ ಬರೆದೆ. ಹಳೆಯ ಕಡತವೊಂದನ್ನು ಅಕ್ಕ ಹುಡುಕಿ ತಂದಳು. ಪೋಷಕರ ರುಜು ಬೇಕಿತ್ತು. ಭಾವನವರು ಕನ್ನಡಕ ಹಾಕಿಕೊಂಡು ಅರ್ಜಿಯನ್ನು ಎರಡು ಸಲ ಓದಿದರು, ಒಂದು ಕಡೆ ಅಲ್ಪವಿರಾಮ ತಿದ್ದಿದರು, ರುಜು ಹಾಕಿದರು. ಆಮೇಲೆ ಮಗಳ ಕಡೆ ತಿರುಗಿ, "ನಾಳೆ ಅಭ್ಯಾಸ ಎಷ್ಟು ಗಂಟೆಗೆ?" ಎಂದರು.