‘ಜೋನಲ್’ ಜಿರೇನಿಯಂ ಎಂದರೇನು?

ಪ್ರಶ್ನೆ: ಜಿರೇನಿಯಂ ಕುಂಡದ ಚೀಟಿಯಲ್ಲಿ ‘ಜೋನಲ್’ ಎಂದು ಬರೆದಿದೆ. ಇದರ ಅರ್ಥವೇನು?
— ಓದುಗರೊಬ್ಬರು, ಕಡರನಾಯಕನಹಳ್ಳಿ

ಉತ್ತರ: ಈ ಶಬ್ದವು ಗಿಡ ಬೆಳೆಯುವ ಪ್ರದೇಶವನ್ನಾಗಲಿ ಹವಾಗುಣವನ್ನಾಗಲಿ ಸೂಚಿಸದೆ, ದುಂಡನೆಯ ಎಲೆಯ ಮೇಲೆ ಕುದುರೆಯ ಲಾಳದಂತೆ ಬಳಸಿರುವ ಕಂದುಛಾಯೆಯ ಪಟ್ಟೆಯನ್ನು ನಿರ್ದೇಶಿಸುತ್ತದೆ. ಕೆಲವು ತಳಿಗಳಲ್ಲಿ ಆ ಪಟ್ಟೆ ಅಸ್ಪಷ್ಟವಾಗಿದ್ದರೂ ಹೆಸರು ರೂಢಿಯಿಂದ ಉಳಿದಿದೆ. ದಕ್ಷಿಣ ಆಫ್ರಿಕಾ ಮೂಲದ ಈ ಸಸ್ಯಗಳನ್ನು ಸಸ್ಯವಿಜ್ಞಾನಿ ಲಿನಯಸನು 1753ರಲ್ಲಿ ಜಿರೇನಿಯಂ ಕುಲದಲ್ಲಿಯೇ ಸೇರಿಸಿದ್ದನಾದರೂ, 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಅವನ್ನು ಪೆಲಾರ್ಗೋನಿಯಂ ಎಂಬ ಪ್ರತ್ಯೇಕ ಕುಲಕ್ಕೆ ಒಯ್ದನು. ತೋಟಗಾರರ ಬಾಯಲ್ಲಿ ಮಾತ್ರ ಹಳೆಯ ಹೆಸರೇ ನಿಂತಿತು. ಇನ್ನು ಬೆಳೆಸುವ ವಿಷಯಕ್ಕೆ ಬಂದರೆ, ನಿಮ್ಮ ಊರಿರುವ ಹರಿಹರದ ಸುತ್ತಣ ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಬೇರು ಕೊಳೆಯುವ ಭಯವುಂಟು. ಆದುದರಿಂದ ಮರಳು, ಗೊಬ್ಬರ ಬೆರೆಸಿದ ಸಡಿಲ ಮಣ್ಣಿನಲ್ಲಿ ನೆಟ್ಟು, ಬೆಳಗಿನ ಬಿಸಿಲನ್ನೂ, ವೈಶಾಖದ ಉರಿಯಲ್ಲಿ ಮಧ್ಯಾಹ್ನದ ನೆರಳನ್ನೂ ಒದಗಿಸಿರಿ.